ಹೊಂಡದಲ್ಲಿ ಹಸಿರು ಬಲೆ: ಮದ್ದು ಸುರಿಯುವ ಮುನ್ನ ತಟ್ಟೆಯಲ್ಲಿ ಹಾಕಿ ನೋಡಿ

ಎರಡು ವರ್ಷದ ಹಿಂದಿನ ಮಾತು. ಫೆಬ್ರುವರಿ ತಿಂಗಳು. ಬೆಳಗ್ಗೆ ಸಂತೆಗೆ ತರಕಾರಿ ಲೋಡ್ ಮಾಡ್ತಾ ಇದ್ದೆ. ಪಕ್ಕದ ಊರಿನ ಹುಡುಗನೊಬ್ಬ ವಾಟ್ಸ್ಯಾಪ್‌ನಲ್ಲಿ ಫೋಟೋ ಕಳಿಸಿದ. ಕೃಷಿ ಹೊಂಡದ ಒಂದು ಮೂಲೆ, ನೀರಿನ ಮೇಲೆ ಹಸಿರು ಹಾಸು. ಕೆಳಗೆ ಬರೆದಿದ್ದ: "ಅಣ್ಣ, ಹೊಂಡದ ತುಂಬ ಪಾಚಿ. ಡ್ರಿಪ್ ಫಿಲ್ಟರ್ ದಿನಾ ಕಟ್ಕೊಳ್ತೈತೆ. ಏನ್ ಹಾಕ್ಲಿ?"

ಒಂದು ಕೈಯಲ್ಲಿ ಕ್ರೇಟ್, ಇನ್ನೊಂದು ಕೈಯಲ್ಲಿ ಫೋನು. ಕಾಲೇಜಿನಲ್ಲಿ ಓದಿದ್ದು ಎಲ್ಲೋ ನೆನಪಿತ್ತು. ಟೈಪ್ ಮಾಡಿದೆ: "ಮೈಲುತುತ್ತ ಸ್ವಲ್ಪ ಹಾಕು, ಹೋಗುತ್ತೆ."

ಅಷ್ಟೇ. ಯಾವ ಪಾಚಿ ಅಂತ ಕೇಳಲಿಲ್ಲ. ಹೊಂಡದಲ್ಲಿ ಮೀನು ಬಿಟ್ಟಿದ್ದಾನಾ ಅಂತ ಕೇಳಲಿಲ್ಲ. ನೀರು ಎಷ್ಟಿದೆ, ಬೋರ್‌ವೆಲ್‌ನದಾ, ಮಳೆಯದಾ, ಏನೂ ಕೇಳಲಿಲ್ಲ. ನನ್ನ ತೋಟಕ್ಕೆ ಒಂದು ಚಿಟಿಕೆ ರಾಸಾಯನಿಕ ಹಾಕಲು ಹತ್ತು ಸಲ ಯೋಚಿಸುವವನು, ಇನ್ನೊಬ್ಬರ ಹೊಂಡಕ್ಕೆ ಅರ್ಧ ನಿಮಿಷದಲ್ಲಿ ಬರೆದುಕೊಟ್ಟೆ.

ಮೂರನೇ ದಿನ ಬೆಳಗ್ಗೆ ಐದೂವರೆಗೆ ಅವನ ವಾಯ್ಸ್ ಮೆಸೇಜ್ ಬಂತು. "ಅಣ್ಣ, ಮೀನೆಲ್ಲಾ ಮೇಲಕ್ಕೆ ಬಂದವೆ. ಬಾಯಿ ಬಾಯಿ ಬಿಡ್ತಾ ಅವೆ. ಏನ್ ಮಾಡ್ಲಿ ಬೇಗ ಹೇಳಣ್ಣ."

ಬೈಕ್ ಹತ್ತಿ ಹೋಗುವಷ್ಟರಲ್ಲಿ ಬಹುಪಾಲು ಮುಗಿದಿತ್ತು. ಆಗಸ್ಟ್‌ನಲ್ಲಿ ಬಿಟ್ಟಿದ್ದ ಕಾಟ್ಲಾ, ರೋಹು. ಸುಮಾರು ನಾನೂರು ಮರಿ, ಅರ್ಧ ಕೆಜಿಯ ಹತ್ತಿರ ಬಂದಿದ್ದವು. ಯುಗಾದಿ ಕಳೆದ ಮೇಲೆ ಹಿಡಿದು ಮಾರಿ, ಅದೇ ದುಡ್ಡಿನಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡಿಸುವ ಲೆಕ್ಕ ಅವನದು. ಅವರಮ್ಮ ದಡದಲ್ಲಿ ಕೂತಿದ್ದರು, ಮಾತಿಲ್ಲ. "ಸತ್ತ ಮೀನು ಯಾರಿಗೂ ಕೊಡಬೇಡ, ಮಾರಬೇಡ" ಅಂದೆ. ಗುಂಡಿ ತೋಡಿ ಹೂತೆವು.

ಆ ದಿನ ಹೊಂಡದಿಂದ ಒಂದು ಹಿಡಿ ಪಾಚಿ ಎತ್ತಿ, ಅವರ ಮನೆಯ ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬಿಟ್ಟೆ. ಗಂಟು ತಾನಾಗಿ ಬಿಚ್ಚಿಕೊಂಡಿತು. ನೋಡಿದರೆ ಸೊಳ್ಳೆ ಪರದೆಯ ತುಂಡಿನ ಹಾಗಿದೆ! ಸಣ್ಣ ಸಣ್ಣ ಕಣ್ಣುಗಳು, ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ಹುಡುಗ ಬಗ್ಗಿ ನೋಡಿ ಅಂದ, "ಅಣ್ಣ, ಇದು ಬಲೆ ಇದ್ದಂಗೈತಲ್ಲ."

ಅದು ನಿಜವಾಗಿ ಬಲೆಯೇ. ಇಬ್ಬರು ಒಂದು ಮಧ್ಯಾಹ್ನ ಕೂತು ಕೈಯಿಂದ ಎಳೆದು ಹಾಕಬಹುದಾಗಿದ್ದ, ವಿಷವಿಲ್ಲದ ಪಾಚಿ. ಈ ವಾರದ ಲೇಖನ ಅದರ ಬಗ್ಗೆ. ನನ್ನ ಆ 'ಸ್ವಲ್ಪ' ಅನ್ನೋ ಪದದ ಬಗ್ಗೆಯೂ.

ಇದು ಯಾವ ಪಾಚಿ?

ವಿಜ್ಞಾನದಲ್ಲಿ ಇದರ ಹೆಸರು ಹೈಡ್ರೋಡಿಕ್ಟಿಯಾನ್ ರೆಟಿಕ್ಯುಲೇಟಮ್. ಗ್ರೀಕ್ ಭಾಷೆಯಲ್ಲಿ 'ಹೈಡ್ರೋ' ಅಂದರೆ ನೀರು, 'ಡಿಕ್ಟಿಯಾನ್' ಅಂದರೆ ಬಲೆ. ಇಂಗ್ಲಿಷ್‌ನವರು ವಾಟರ್ ನೆಟ್ ಅಂತಾರೆ. ನಾನು ಬಲೆಪಾಚಿ ಅಂತ ಕರೀತೀನಿ, ಈ ಲೇಖನದಲ್ಲೂ ಹಾಗೇ ಬರೀತೀನಿ. ಪ್ರಪಂಚದ ಬಹುತೇಕ ಬೆಚ್ಚಗಿನ ಸೀಮೆಗಳ ಕೆರೆ, ಹೊಂಡ, ನಿಧಾನಕ್ಕೆ ಹರಿಯುವ ಕಾಲುವೆ, ಗದ್ದೆ ನೀರಿನಲ್ಲಿ ಇದು ಸಾಮಾನ್ಯ. ನಮ್ಮ ದೇಶದಲ್ಲಿ ಇದರ ಇನ್ನೊಂದು ಜಾತಿಯೂ ಇದೆ: ಹೈಡ್ರೋಡಿಕ್ಟಿಯಾನ್ ಇಂಡಿಕಮ್. ಅದನ್ನು 1925ರಲ್ಲಿ ವಿವರಿಸಿದವರು ಮದ್ರಾಸಿನ ಎಂ.ಒ.ಪಿ. ಅಯ್ಯಂಗಾರ್. ಭಾರತದಲ್ಲಿ ಪಾಚಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಅಂತ ಅವರನ್ನು ನೆನೆಯುತ್ತಾರೆ.

ಇದು ಗುಂಪಾಗಿ ಬದುಕುವ ಹಸಿರು ಪಾಚಿ. ತಟ್ಟೆಯಲ್ಲಿ ನೀವು ನೋಡುವ ಬಲೆಯ ಒಂದೊಂದು ಕಡ್ಡಿಯೂ ಒಂದೇ ಒಂದು ಜೀವಕೋಶ. ಸಾಮಾನ್ಯವಾಗಿ ಜೀವಕೋಶ ನೋಡಬೇಕು ಅಂದರೆ ಮೈಕ್ರೋಸ್ಕೋಪ್ ಬೇಕು. ಇದರ ಬಲಿತ ಕೋಶ ಒಂದು ಸೆಂಟಿಮೀಟರ್‌ವರೆಗೂ ಉದ್ದ ಬೆಳೆಯುತ್ತೆ, ಬರಿಗಣ್ಣಿಗೇ ಕಾಣುತ್ತೆ. ಒಂದು ತುದಿಯಲ್ಲಿ ಸಾಮಾನ್ಯವಾಗಿ ಮೂರು ಕೋಶ ಸೇರುತ್ತವೆ, ಹಾಗೆ ಸೇರಿ ಸೇರಿ ಬಲೆಯ ಕಣ್ಣುಗಳಾಗುತ್ತವೆ.

ಬಲೆಯೊಳಗೆ ಬಲೆ

ಇದು ಹೆಚ್ಚುವ ರೀತಿ ತಿಳಿದುಕೊಂಡರೆ, ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಹೊಂಡ ಯಾಕೆ ಮುಚ್ಚಿಹೋಗಿರುತ್ತೆ ಅನ್ನೋದು ಅರ್ಥವಾಗುತ್ತೆ.

ಒಮ್ಮೆ ಬಲೆ ಹುಟ್ಟಿದ ಮೇಲೆ ಅದಕ್ಕೆ ಹೊಸ ಕೋಶಗಳು ಸೇರಿಕೊಳ್ಳಲ್ಲ. ಹುಟ್ಟುವಾಗ ಎಷ್ಟು ಕೋಶ ಇತ್ತೋ ಅಷ್ಟೇ. ಆ ಕೋಶಗಳು ಉದ್ದ, ದಪ್ಪ ಆಗುತ್ತವೆ, ಬಲೆ ಹಿಗ್ಗುತ್ತೆ. ಕೋಶ ಬಲಿತಾಗ ಅದರೊಳಗೆ ಸಾವಿರಾರು ಸಣ್ಣ ಮರಿಕೋಶಗಳು ಹುಟ್ಟುತ್ತವೆ. ಪ್ರತಿಯೊಂದಕ್ಕೂ ಎರಡೆರಡು ಬಾಲ, ಈಜುವುದಕ್ಕೆ. ಬೇರೆ ಪಾಚಿಗಳಲ್ಲಾದರೆ ಇಂಥ ಮರಿಗಳು ಹೊರಗೆ ಹಾರಿ ನೀರಿನಲ್ಲಿ ಚದುರಿಹೋಗುತ್ತವೆ. ಇವು ಹೊರಗೆ ಹೋಗಲ್ಲ. ತಾಯಿಕೋಶದ ಒಳಗೇ ಸ್ವಲ್ಪ ಹೊತ್ತು ಓಡಾಡಿ, ಒಂದಕ್ಕೊಂದು ತುದಿ ಕೂಡಿಸಿಕೊಂಡು, ಒಂದು ಪುಟ್ಟ ಬಲೆಯಾಗಿ ಜೋಡಣೆಯಾಗುತ್ತವೆ. ಆಮೇಲೆ ತಾಯಿಯ ಗೋಡೆ ಕರಗಿ, ಪೂರ್ತಿ ತಯಾರಾದ ಮರಿಬಲೆ ಹೊರಬರುತ್ತೆ.

ಅಂದರೆ ಬಲೆಯ ಒಂದೊಂದು ಕಡ್ಡಿಯೊಳಗೂ ಒಂದೊಂದು ಹೊಸ ಬಲೆ. ಒಂದು ಬಲೆಯಲ್ಲಿ ಎಷ್ಟು ಕಡ್ಡಿ ಇರುತ್ತವೆ ಅಂತ ಲೆಕ್ಕ ಹಾಕಿ. ಹೊಂಡದಲ್ಲಿ ನೀವು ಬಿಟ್ಟ ಒಂದು ತುಂಡು ಮತ್ತೆ ಬೆಳೆಯುವುದು ಹೀಗೆ.

ಇನ್ನೊಂದು ದಾರಿಯೂ ಇದೆ. ಕೋಶದೊಳಗೆ ಗಂಡು, ಹೆಣ್ಣು ಅಂತ ನೋಡಿದರೆ ಗೊತ್ತಾಗದ, ಒಂದೇ ತರದ ಸಣ್ಣ ಲಿಂಗಕೋಶಗಳು ಹುಟ್ಟಿ, ಹೊರಗೆ ಬಂದು, ಎರಡೆರಡು ಕೂಡಿ, ದಪ್ಪ ಗೋಡೆಯ ಬೀಜದಂಥ ಕಣವಾಗುತ್ತವೆ. ನೀರು ಒಣಗಿದರೂ ಅದು ತಾಳಿಕೊಂಡು ಮಲಗಿರುತ್ತೆ. ಬೇಸಿಗೆಯಲ್ಲಿ ಹೊಂಡ ಬತ್ತಿ ನೆಲ ಬಿರುಕು ಬಿಟ್ಟಿತ್ತು, ಆದರೂ ಮುಂಗಾರಿನ ನೀರಿಗೆ ಪಾಚಿ ಎಲ್ಲಿಂದ ಬಂತು ಅಂತ ಕೇಳೋರಿಗೆ ಒಂದು ಉತ್ತರ ಇದು. ಇನ್ನೊಂದು ಉತ್ತರ, ಮೀನುಮರಿ ತಂದ ಚೀಲದ ನೀರು, ಬೇರೆಯವರಿಂದ ಎರವಲು ತಂದ ಬಲೆ, ಒದ್ದೆ ಪೈಪು.

ಯಾವಾಗ ಯಾವ ದಾರಿ ಹಿಡಿಯುತ್ತೆ ಅನ್ನೋದನ್ನು ಜರ್ಮನಿಯ ಗಿಯೋರ್ಗ್ ಕ್ಲೆಬ್ಸ್ ಎಂಬ ಸಸ್ಯವಿಜ್ಞಾನಿ 19ನೇ ಶತಮಾನದ ಕೊನೆಯಲ್ಲಿ ಇದೇ ಪಾಚಿಯ ಮೇಲೆ ಪ್ರಯೋಗ ಮಾಡಿ ತೋರಿಸಿದ. ಬೆಳಕು, ನೀರಿನಲ್ಲಿರುವ ಪೋಷಕಾಂಶ ಬದಲಾಯಿಸಿದರೆ ಪಾಚಿಯ ಸಂತಾನದ ದಾರಿಯೂ ಬದಲಾಗುತ್ತೆ ಅಂತ. ರೈತನಿಗೆ ಇದರಲ್ಲಿರೋ ಪಾಠ ಇಷ್ಟು: ಈ ಪಾಚಿ ನೀರಿನ ಸ್ಥಿತಿಗೆ ಕುಣಿಯುತ್ತೆ. ನೀರಿನಲ್ಲಿ ಏನಿದೆ ಅನ್ನೋದನ್ನ ಸರಿ ಮಾಡದೆ ಪಾಚಿಯನ್ನು ಮಾತ್ರ ಕೊಂದರೆ ಅದು ವಾಪಸ್ ಬರುತ್ತೆ.

ನ್ಯೂಜಿಲೆಂಡ್‌ನಲ್ಲಿ ಆದ ಕಥೆ

ಈ ಪಾಚಿ ಎಷ್ಟು ಕಾಟ ಕೊಡಬಲ್ಲದು ಅನ್ನೋದಕ್ಕೆ ನ್ಯೂಜಿಲೆಂಡ್ ಸಾಕ್ಷಿ. ಅಲ್ಲಿ ಇದು ಮೊದಲು ಇರಲಿಲ್ಲ. 1986ರಲ್ಲಿ ಟೌರಂಗ ಎಂಬ ಊರಿನ ಬಳಿ, ಮೀನು ಮತ್ತು ನೀರುಗಿಡ ಬೆಳೆಸುವ ಕೊಳದಲ್ಲಿ ಕಾಣಿಸಿಕೊಂಡಿತು. ಕೆಲವೇ ವರ್ಷದಲ್ಲಿ ರೊಟೊರುವಾ ಸುತ್ತಿನ ಸರೋವರಗಳಿಗೆ ಹಬ್ಬಿ, ದಡದಲ್ಲಿ ರಾಶಿ ಬಿದ್ದು ಕೊಳೆತು ನಾರಿತು. ದೋಣಿ ನಡೆಸೋರಿಗೆ, ಈಜೋರಿಗೆ, ಮೀನು ಹಿಡಿಯೋರಿಗೆ ತಲೆನೋವಾಯಿತು. ಆಮೇಲೆ 1990ರ ದಶಕದ ಮಧ್ಯದ ಹೊತ್ತಿಗೆ ಹೆಚ್ಚಿನ ಕಡೆ ಇಳಿದುಹೋಯಿತು.

ಇನ್ನೊಂದು ಕುತೂಹಲದ ಸಂಗತಿ ಇದೆ. ಅಲ್ಲಿನ ಅನಿವೆನುಆ ಸರೋವರದಲ್ಲಿ ಈ ಪಾಚಿ ತುಂಬಿದ್ದಾಗ ಅದರ ನಡುವೆ ನೀರಿನ ಬಸವನಹುಳುಗಳು ಹೆಚ್ಚಿದವು, ಅವನ್ನು ತಿಂದು ಟ್ರೌಟ್ ಮೀನುಗಳು ಚೆನ್ನಾಗಿ ಬೆಳೆದವು. ಹಾಗಾಗಿ ಇದು ಶತ್ರುನೂ ಅಲ್ಲ, ಮಿತ್ರನೂ ಅಲ್ಲ. ಹದ್ದು ಮೀರಿದರೆ ಮಾತ್ರ ಕಷ್ಟ.

ಮೊದಲು ಗುರುತು ಹಿಡಿಯಿರಿ

ನಮ್ಮ ಕಡೆ ನೀರಲ್ಲಿ ಹಸಿರಾಗಿರೋದೆಲ್ಲ 'ಪಾಚಿ'. ಆದರೆ ಹೊಂಡದಲ್ಲಿ ಹೆಚ್ಚಾಗಿ ಸಿಗುವ ಮೂರು ಪಾಚಿಗಳಿಗೆ ಮೂರು ಬೇರೆ ಸ್ವಭಾವ. ಒಂದು ಬಿಳಿ ತಟ್ಟೆ, ಒಂದು ಗಾಜಿನ ಬಾಟಲಿ, ಒಂದು ಕಡ್ಡಿ, ನಿಮ್ಮ ಫೋನು. ಇಷ್ಟಿದ್ದರೆ ಸಾಕು.

1. ಬಲೆಪಾಚಿ: ಕೈಯಲ್ಲಿ ಹಿಡಿದರೆ ಜಾರಲ್ಲ, ಸ್ವಲ್ಪ ಒರಟು, ನೆನೆದ ಬಟ್ಟೆಯ ಹಾಗೆ. ತಟ್ಟೆಯ ನೀರಿನಲ್ಲಿ ಬಿಟ್ಟರೆ ಬಲೆಯ ಕಣ್ಣು ಕಾಣುತ್ತೆ. ಎಳೆಯ ಬಲೆಯಾದರೆ ಕಣ್ಣು ತುಂಬ ಸಣ್ಣ. ಫೋನಿನ ಕ್ಯಾಮೆರಾದಲ್ಲಿ ಮ್ಯಾಕ್ರೋ ಇದ್ದರೆ ಹತ್ತಿರದಿಂದ, ಇಲ್ಲದಿದ್ದರೆ ಸ್ವಲ್ಪ ದೂರದಿಂದ ಜೂಮ್ ಮಾಡಿ ತೆಗೆಯಿರಿ.

2. ನೂಲುಪಾಚಿ: ಸ್ಪೈರೋಗೈರಾ ಈ ಗುಂಪಿನದು. ಸೋಪು ಹಚ್ಚಿದ ಕೂದಲಿನ ಹಾಗೆ ಜಾರುತ್ತೆ. ತಟ್ಟೆಯಲ್ಲಿ ಉದ್ದುದ್ದ ಎಳೆಗಳು, ಕವಲಿಲ್ಲ, ಕಣ್ಣಿಲ್ಲ. ಇದೂ ಹಸಿರು ಪಾಚಿಯೇ. ಕೈಯಿಂದ ತೆಗೆಯುವ ಕ್ರಮ ಬಲೆಪಾಚಿಯದೇ.

3. ನೀಲಿಹಸಿರು ಪಾಚಿ: ಮೈಕ್ರೋಸಿಸ್ಟಿಸ್ ತರದ್ದು. ಇದು ಎಳೆಯೂ ಅಲ್ಲ, ಬಲೆಯೂ ಅಲ್ಲ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ. ಕಡ್ಡಿ ಅದ್ದಿ ಎತ್ತಿ: ಎಳೆ ನೇತಾಡಿದರೆ ಮೊದಲ ಎರಡರಲ್ಲಿ ಒಂದು, ಕಡ್ಡಿಗೆ ಬಣ್ಣ ಬಳಿದ ಹಾಗೆ ಅಂಟಿದರೆ ಇದಿರಬಹುದು. ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ ರಾತ್ರಿ ಅಲುಗಾಡಿಸದೆ ಇಡಿ. ಬೆಳಗ್ಗೆ ಹಸಿರೆಲ್ಲ ಮೇಲೆ ಉಂಗುರದಂತೆ ಕಟ್ಟಿದ್ದರೆ ಅನುಮಾನ ಇನ್ನೂ ಗಟ್ಟಿ.

ಮೂರನೆಯದರ ವಿಷಯದಲ್ಲಿ ಹುಡುಗಾಟ ಬೇಡ. ಇವುಗಳಲ್ಲಿ ಕೆಲವು ಪಿತ್ತಜನಕಾಂಗ, ನರಗಳಿಗೆ ವಿಷವಾಗುವ ವಸ್ತು ಬಿಡುತ್ತವೆ. ದನ, ಕುರಿ, ನಾಯಿ ಆ ನೀರು ಕುಡಿದು ಸಾಯಬಹುದು. ಅನುಮಾನ ಬಂದ ಕೂಡಲೇ ಜಾನುವಾರುಗಳನ್ನು ಆ ನೀರಿನಿಂದ ದೂರ ಇಡಿ, ಬರಿಗೈ ಹಾಕಬೇಡಿ, ಆ ನೀರನ್ನು ಸೊಪ್ಪು ತರಕಾರಿಯ ಮೇಲೆ ಸ್ಪ್ರಿಂಕ್ಲರ್‌ನಿಂದ ಹೊಡೆಯಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮೀನುಗಾರಿಕೆ ಇಲಾಖೆಗೋ ತೋರಿಸಿ. ಅದಕ್ಕೆ ಔಷಧಿ ಹೊಡೆದು ಕೊಂದರೆ ಕೋಶ ಒಡೆದು ವಿಷ ಒಮ್ಮೆಗೇ ನೀರಿಗೆ ಸೇರುತ್ತೆ, ಅದು ಇನ್ನೂ ಅಪಾಯ.

ಬಲೆಪಾಚಿ ಆ ಗುಂಪಿಗೆ ಸೇರಿದ್ದಲ್ಲ. ಅದನ್ನು ಕಂಡು ಹೆದರಬೇಕಾಗಿಲ್ಲ.

'ಸ್ವಲ್ಪ' ಅಂದರೆ ಎಷ್ಟು?

ಈಗ ಮೈಲುತುತ್ತದ ಲೆಕ್ಕ. ಅವನ ಹೊಂಡದಲ್ಲಿ ಆಗ ಸುಮಾರು ಎರಡು ಲಕ್ಷ ಲೀಟರ್ ನೀರಿತ್ತು. ನನ್ನ ಮೆಸೇಜನ್ನು ಅಂಗಡಿಯಲ್ಲಿ ತೋರಿಸಿದ್ದಾನೆ. ಅಂಗಡಿಯವರು 'ಸ್ವಲ್ಪ'ವನ್ನು ಎರಡು ಕೆಜಿ ಅಂತ ಅರ್ಥ ಮಾಡಿಕೊಂಡರು. ಹಾಗಾದರೆ ಒಂದು ಲೀಟರ್ ನೀರಿಗೆ 10 ಮಿಲಿಗ್ರಾಂ ಬಿತ್ತು.

ಮೀನು ಸಾಕುವವರು ಬಳಸುವ ಒಂದು ಸೂತ್ರವಿದೆ. ನೀರಿನ ಕ್ಷಾರತೆಯನ್ನು, ಅಂದರೆ ಲ್ಯಾಬ್ ವರದಿಯಲ್ಲಿ ಟೋಟಲ್ ಆಲ್ಕಲಿನಿಟಿ ಅಂತ ಬರುವ ಅಂಕಿಯನ್ನು, 100ರಿಂದ ಭಾಗಿಸಿದರೆ ಬರುವುದು ಲೀಟರಿಗೆ ಎಷ್ಟು ಮಿಲಿಗ್ರಾಂ ಮೈಲುತುತ್ತ ಅನ್ನೋ ಮಿತಿ. ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಷಾರತೆ 200 ಇದ್ದರೆ ಮಿತಿ 2 ಮಿಲಿಗ್ರಾಂ. ಕ್ಷಾರತೆ 50ಕ್ಕಿಂತ ಕಡಿಮೆ ಇದ್ದರೆ ಮೀನಿರುವ ಹೊಂಡಕ್ಕೆ ಅದನ್ನು ಹಾಕಲೇಬಾರದು. ಗಡಸು ಕಡಿಮೆ ಇರೋ ಮೆದು ನೀರಿನಲ್ಲಿ ತಾಮ್ರ ಮೀನಿಗೆ ನೇರ ವಿಷ. ಅವನ ಹೊಂಡ ಪ್ಲಾಸ್ಟಿಕ್ ಶೀಟ್ ಹಾಸಿದ್ದು, ತುಂಬಿದ್ದು ಹಿಂಗಾರು ಮಳೆಯ ನೀರು. ಮಣ್ಣಿನ ಸೋಂಕೇ ಇಲ್ಲದ ಮೆದು ನೀರು. ಗಡಸು ನೀರಿಗೂ ಐದು ಪಟ್ಟು ಹೆಚ್ಚಾಗುವ ಡೋಸನ್ನು, ಒಂದು ಗ್ರಾಂ ಕೂಡ ಹಾಕಬಾರದ ನೀರಿಗೆ ಹಾಕಿದ್ದೆವು.

ಎರಡನೇ ಪೆಟ್ಟು ಉಸಿರಿನದು. ಹಗಲು ಪಾಚಿ ಆಮ್ಲಜನಕ ಬಿಡುತ್ತೆ, ರಾತ್ರಿ ಅದೂ ಉಸಿರಾಡುತ್ತೆ. ಹಾಗಾಗಿ ಹೊಂಡದಲ್ಲಿ ಆಮ್ಲಜನಕ ಅತಿ ಕಡಿಮೆ ಇರೋದು ಬೆಳಕು ಹರಿಯುವ ಮುಂಚೆ. ಪಾಚಿಯೆಲ್ಲ ಒಟ್ಟಿಗೆ ಸತ್ತು ಕೊಳೆಯೋಕೆ ಶುರುವಾದರೆ, ಆಮ್ಲಜನಕ ಕೊಡೋದು ನಿಂತಿತು, ಕೊಳೆಸುವ ಬ್ಯಾಕ್ಟೀರಿಯಾ ಇದ್ದಿದ್ದನ್ನೂ ಬಳಸಿತು. ಐದೂವರೆಗೆ ಮೀನು ಬಾಯಿ ಬಿಟ್ಟಿದ್ದು ಅದಕ್ಕೇ.

ನಿಮ್ಮ ಹೊಂಡದಲ್ಲಿ ಯಾವತ್ತಾದರೂ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಫೋನಿಗಿಂತ ಮೊದಲು ಪಂಪ್ ಹತ್ತಿರ ಓಡಿ. ಹೊಂಡದ ನೀರನ್ನೇ ಎತ್ತಿ, ಪೈಪಿನ ಬಾಯಿಗೆ ಕೈ ಅಡ್ಡ ಹಿಡಿದು ಚಿಮ್ಮುವ ಹಾಗೆ ವಾಪಸ್ ಹೊಂಡಕ್ಕೇ ಬಿಡಿ. ಹೊಸ ನೀರಿದ್ದರೆ ಸೇರಿಸಿ. ಆ ದಿನ ಆಹಾರ, ಸಗಣಿ ಏನೂ ಹಾಕಬೇಡಿ. ಇದು ನನಗೆ ಗೊತ್ತಿತ್ತು. ಆ ಬೆಳಗ್ಗೆ ಗಾಬರಿಯಲ್ಲಿ, ಫೋನಿನಲ್ಲೇ ಹೇಳದೆ ಬೈಕ್ ಕೀ ಹುಡುಕುತ್ತಾ ಹತ್ತು ನಿಮಿಷ ಕಳೆದೆ.

ಇನ್ನೊಂದು ಮಾತು. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ತಳದ ಕೆಸರಿನಲ್ಲಿ ಕೂರುತ್ತೆ, ನೀರಿನ ಜೊತೆ ಹೊಲಕ್ಕೂ ಹೋಗುತ್ತೆ. ವರ್ಷ ವರ್ಷ ಹಾಕಿದರೆ ಎರೆಹುಳಕ್ಕೂ ಮಣ್ಣಿನ ಜೀವಿಗಳಿಗೂ ಪೆಟ್ಟು. ಸಾವಯವ ಪ್ರಮಾಣಪತ್ರ ಇರುವವರಿಗೆ ತಾಮ್ರದ ಬಳಕೆಗೆ ನಿರ್ಬಂಧವೂ ಇದೆ, ಕೇಳದೆ ಹಾಕಬೇಡಿ.

ಗೊಬ್ಬರ ಎಲ್ಲಿಂದ ಬರುತ್ತಿದೆ?

ಮುಂದಿನ ವರ್ಷ ಇದೇ ಬಲೆಪಾಚಿ ನನ್ನ ಹೊಂಡಕ್ಕೆ ಬಂತು. ಈ ಸಲ ಮದ್ದಿನ ಮಾತೇ ಇಲ್ಲ, ಹೊಂಡದ ಸುತ್ತ ನಡೆದು ನೋಡಿದೆ. ಒಂದು ಮೂಲೆಯಲ್ಲಿ ಪಾಚಿ ದಟ್ಟ, ಉಳಿದ ಕಡೆ ತೆಳು. ಆ ಮೂಲೆಯ ಮೇಲೆ, ಮೂರು ಮೀಟರ್ ದೂರದಲ್ಲಿ, ನನ್ನ ಜೀವಾಮೃತದ ತೊಟ್ಟಿ. ಅದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ದಿನಾ ಹನಿ ಹನಿ ಇಳಿದು ಏರಿಯ ಮಣ್ಣಿನಿಂದ ಹೊಂಡಕ್ಕೆ ಜಾರುತ್ತಿತ್ತು. ನಾನು ಬೆಳೆಗೆ ಅಂತ ಮಾಡಿದ್ದನ್ನು ಪಾಚಿ ತಿನ್ನುತ್ತಿತ್ತು. ಯೂರಿಯಾ ಹಾಕೋರ ಹೊಂಡದಲ್ಲಿ ಮಾತ್ರ ಪಾಚಿ ಬರುತ್ತೆ ಅಂದುಕೊಂಡಿದ್ದ ನನ್ನ ಹಮ್ಮು ಅವತ್ತು ಇಳಿಯಿತು. ಸಾರಜನಕ, ರಂಜಕ ಚೀಲದಿಂದ ಬಂದರೂ ಅಷ್ಟೇ, ಸಗಣಿಯಿಂದ ಬಂದರೂ ಅಷ್ಟೇ, ಪಾಚಿಗೆ ಭೇದವಿಲ್ಲ.

ನೀವೂ ಒಂದು ಸುತ್ತು ಬನ್ನಿ. ಇವನ್ನು ನೋಡಿ:

• ಕೊಟ್ಟಿಗೆ ತೊಳೆದ ನೀರು, ತಿಪ್ಪೆಯ ಕಂದು ನೀರು ಹೊಂಡದ ಕಡೆ ಹರಿಯುತ್ತಿದೆಯಾ?
• ಕೋಳಿ ಗೊಬ್ಬರದ ರಾಶಿ ಹೊಂಡದ ಮೇಲ್ಭಾಗದಲ್ಲಿದೆಯಾ?
• ಮೇಲಿನ ಹೊಲಕ್ಕೆ ಗೊಬ್ಬರ ಎರಚಿದ ಮೇಲೆ ಜೋರು ಮಳೆ ಬಂತಾ?
• ಮೀನಿಗೆ ಹಾಕಿದ ಆಹಾರ, ಸಗಣಿ ತಿಂದು ಮುಗಿಯದೆ ಉಳಿಯುತ್ತಿದೆಯಾ?
• ವೆಂಚುರಿ, ಗೊಬ್ಬರದ ಡ್ರಮ್ ತೊಳೆದ ನೀರು ಎಲ್ಲಿಗೆ ಹೋಗುತ್ತಿದೆ?

ಪರಿಹಾರ ದುಬಾರಿಯಲ್ಲ. ಹೊಂಡದ ಮೇಲ್ಬದಿಗೆ ಒಂದು ಸಣ್ಣ ಬದು, ಬಸಿಗಾಲುವೆ. ನೀರು ಒಳಗೆ ಬರುವ ಬಾಯಿಯಲ್ಲಿ ಹೂಳು ನಿಲ್ಲುವ ಒಂದು ಗುಂಡಿ. ಏರಿಯ ಹೊರಮೈಗೆ ಲಾವಂಚ ಅಥವಾ ಗಟ್ಟಿ ಬೇರಿನ ಹುಲ್ಲು. ನಾನು ತೊಟ್ಟಿಯನ್ನೇ ಹೊಂಡದ ಕೆಳಬದಿಗೆ ಸಾಗಿಸಿದೆ. ಮುಂದಿನ ಹಂಗಾಮಿನಲ್ಲಿ ಪಾಚಿ ಪೂರ್ತಿ ಹೋಗಲಿಲ್ಲ, ಆದರೆ ನಾಲ್ಕು ಸಲ ಎಳೆಯುವ ಕಡೆ ಒಂದು ಸಲ ಎಳೆದರೆ ಸಾಕಾಯಿತು.

ಹೊಂಡಕ್ಕೆ ನೆರಳು ಕೊಟ್ಟರೂ ಪಾಚಿ ಕಡಿಮೆಯಾಗುತ್ತೆ. ಮೇಲೆ ಶೇಡ್‌ನೆಟ್ ಹಾಕಿದರೆ ನೀರು ಆವಿಯಾಗೋದೂ ಕಡಿಮೆ. ಹುಲ್ಲುಗೆಂಡೆ ಮೀನು ನೀರುಗಿಡ, ಪಾಚಿ ಮೇಯುತ್ತೆ ನಿಜ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಅದು ತಿಂದದ್ದರಲ್ಲಿ ಸಾಕಷ್ಟು ಪಾಲು ಹಿಕ್ಕೆಯಾಗಿ ಮತ್ತೆ ಅದೇ ನೀರಿಗೆ ಗೊಬ್ಬರ.

ಬಲೆಗೆ ಬಲೆ ಹಾಕಿ ತೆಗೆಯುವ ಕ್ರಮ

ಬಿಸಿಲಿರುವ ದಿನ, ಮಧ್ಯಾಹ್ನದ ಹೊತ್ತು ಆರಿಸಿಕೊಳ್ಳಿ. ಪಾಚಿ ಬಿಡುವ ಆಮ್ಲಜನಕದ ಗುಳ್ಳೆಗಳು ಬಲೆಯೊಳಗೇ ಸಿಕ್ಕಿಕೊಂಡು ಇಡೀ ಹಾಸು ಮೇಲೆ ತೇಲುತ್ತೆ. ಬೆಳಗ್ಗೆ ತಳದಲ್ಲಿ ಇದ್ದದ್ದು ಮಧ್ಯಾಹ್ನ ಕೈಗೆ ಸಿಗುತ್ತೆ. ಮೀನಿಗೂ ಆ ಹೊತ್ತಿನಲ್ಲಿ ಉಸಿರಿಗೆ ತೊಂದರೆ ಇಲ್ಲ.

ಹಳೇ ಶೇಡ್‌ನೆಟ್‌ನ ಉದ್ದ ಪಟ್ಟಿಗೆ ಮೇಲ್ಗಡೆ ಖಾಲಿ ನೀರಿನ ಬಾಟಲಿ ಕಟ್ಟಿ, ಕೆಳಗಡೆ ಪ್ಲಾಸ್ಟಿಕ್ ಶೀಟ್ ಹರಿಯದ ಹಾಗೆ ಮರಳು ತುಂಬಿದ ಬಟ್ಟೆಯ ಕೊಳವೆ ಕಟ್ಟಿ. ಎರಡೂ ತುದಿಗೆ ಹಗ್ಗ. ಇಬ್ಬರು ಎರಡು ದಡದಲ್ಲಿ ನಿಂತು ನಿಧಾನಕ್ಕೆ ಎಳೆದರೆ ಪಾಚಿಯೆಲ್ಲ ಒಂದು ಮೂಲೆಗೆ ಬರುತ್ತೆ. ಅಲ್ಲಿಂದ ಕುಕ್ಕೆಯಲ್ಲಿ ಎತ್ತಿ. ಕುಂಟೆ, ಸಲಿಕೆ, ಕಬ್ಬಿಣದ ಮುಳ್ಳು ಹೊಂಡದೊಳಗೆ ಬೇಡ.

ಒಮ್ಮೆಗೆ ಮುಗಿಯಲ್ಲ. ಒಂದೊಂದು ಕಡ್ಡಿಯಲ್ಲೂ ಒಂದು ಬಲೆ ಇರೋದನ್ನು ನೆನಪಿಡಿ. ಎಂಟು ಹತ್ತು ದಿನ ಬಿಟ್ಟು ಮತ್ತೊಮ್ಮೆ, ಬೇಕಿದ್ದರೆ ಇನ್ನೊಮ್ಮೆ. ಎಳೆದ ಬಲೆ, ಕುಕ್ಕೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸದೆ ಬೇರೆಯವರ ಹೊಂಡಕ್ಕೆ ಕೊಡಬೇಡಿ.

ಇದಕ್ಕೆಲ್ಲ ಮೊದಲು ಒಂದು ಮಾತು. ಶೀಟ್ ಹಾಸಿದ ಹೊಂಡದಲ್ಲಿ ಪಾಚಿ ಕಟ್ಟಿದ ಇಳಿಜಾರು ಗಾಜಿಗಿಂತ ಜಾರು. ಬಿದ್ದವರು ಹತ್ತಿ ಬರಲು ಹಿಡಿತವೇ ಸಿಗಲ್ಲ. ಕೃಷಿ ಹೊಂಡದಲ್ಲಿ ಜೀವ ಹೋದ ಸುದ್ದಿ ನಾವು ಎಷ್ಟು ಓದಿಲ್ಲ? ಒಬ್ಬರೇ ಇಳಿಯಬೇಡಿ. ದಡದ ಗಟ್ಟಿ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ನಾಲ್ಕೂ ಬದಿ ನೀರಿಗೆ ಇಳಿಬಿಡಿ. ಒಂದು ಗಾಳಿ ತುಂಬಿದ ಟ್ಯೂಬ್ ಯಾವಾಗಲೂ ದಡದಲ್ಲಿರಲಿ. ಮಕ್ಕಳು ಹೋಗದ ಹಾಗೆ ಬೇಲಿ ಇರಲಿ.

ಡ್ರಿಪ್ ಉಳಿಸಿಕೊಳ್ಳಿ

ಹೊಂಡದ ನೀರಿಗೆ ಬರೀ ಸ್ಕ್ರೀನ್ ಫಿಲ್ಟರ್ ಸಾಲಲ್ಲ. ಬಲೆಪಾಚಿಯ ತುಂಡು ಜಾಲರಿಗೆ ಬಟ್ಟೆಯ ಹಾಗೆ ಸುತ್ತಿಕೊಳ್ಳುತ್ತೆ. ಮೊದಲು ಸ್ಯಾಂಡ್ ಫಿಲ್ಟರ್, ಆಮೇಲೆ ಡಿಸ್ಕ್ ಅಥವಾ ಸ್ಕ್ರೀನ್ ಫಿಲ್ಟರ್. ಫಿಲ್ಟರಿನ ಎರಡೂ ಕಡೆ ಪ್ರೆಶರ್ ಗೇಜ್ ಇರಲಿ. ಎರಡರ ನಡುವಿನ ವ್ಯತ್ಯಾಸ ಅರ್ಧ ಕೆಜಿ ಮುಟ್ಟಿದರೆ ಬ್ಯಾಕ್‌ವಾಶ್ ಮಾಡಿ. ಕಣ್ಣಂದಾಜಿನಲ್ಲಿ ಹೋಗಬೇಡಿ.

ಫುಟ್‌ವಾಲ್ವ್ ತಳದ ಕೆಸರಿನಲ್ಲೂ ಬೇಡ, ಮೇಲಿನ ಪಾಚಿಯಲ್ಲೂ ಬೇಡ. ಖಾಲಿ ಕ್ಯಾನಿಗೆ ಕಟ್ಟಿ, ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ತೂಗುವ ಹಾಗೆ ಬಿಡಿ. ನೀರು ಇಳಿದಂತೆ ಅದೂ ಇಳಿಯುತ್ತೆ. ಸುತ್ತ ಶೇಡ್‌ನೆಟ್‌ನ ಒಂದು ದೊಡ್ಡ ಬುಟ್ಟಿ ಕಟ್ಟಿದರೆ ಫಿಲ್ಟರಿನ ಅರ್ಧ ಕೆಲಸ ಅಲ್ಲೇ ಆಗುತ್ತೆ. ಹದಿನೈದು ದಿನಕ್ಕೊಮ್ಮೆ ಲ್ಯಾಟರಲ್‌ಗಳ ಎಂಡ್ ಕ್ಯಾಪ್ ಬಿಚ್ಚಿ, ತಿಳಿ ನೀರು ಬರುವವರೆಗೆ ಹರಿಯಲು ಬಿಡಿ.

ತೆಗೆದ ಪಾಚಿ ಬಿಸಾಡಬೇಡಿ

ನಿಮ್ಮ ಹೊಲದಿಂದ ತಪ್ಪಿಸಿಕೊಂಡು ಹೋದ ಗೊಬ್ಬರ ಅದರಲ್ಲಿದೆ. ಆದರೆ ಹೊಂಡದ ಏರಿಯ ಮೇಲೇ ರಾಶಿ ಹಾಕಿದರೆ ಕೊಳೆತ ರಸ ಮತ್ತೆ ಹೊಂಡಕ್ಕೆ ಇಳಿಯುತ್ತೆ. ದೂರದಲ್ಲಿ ಒಂದು ದಿನ ನೀರು ಬಸಿಯಲು ಬಿಡಿ. ಹಸಿ ಪಾಚಿಯ ತೂಕದಲ್ಲಿ ಹೆಚ್ಚಿನದು ನೀರೇ, ಒಣಗಿದ ಮೇಲೆ ಹಿಡಿಯಷ್ಟಾಗುತ್ತೆ. ರಾಗಿ ಹುಲ್ಲು, ತೆಂಗಿನ ಗರಿ, ಒಣ ಎಲೆಯ ಜೊತೆ ಪದರ ಪದರವಾಗಿ ಕಾಂಪೋಸ್ಟ್‌ಗೆ ಸೇರಿಸಿ. ಪಾಚಿ ಒಂದನ್ನೇ ಗುಡ್ಡೆ ಹಾಕಿದರೆ ಗಾಳಿಯಾಡದೆ ನಾರುತ್ತೆ. ನಾನು ಬಾಳೆ ಬುಡಕ್ಕೆ ತೆಳ್ಳಗೆ ಹರಡಿ ಮೇಲೆ ಒಣ ತರಗು ಮುಚ್ಚುತ್ತೇನೆ. ಮೈಲುತುತ್ತ ಬಿದ್ದ ಹೊಂಡದ ಪಾಚಿಯನ್ನು ಮಾತ್ರ ಬೆಳೆಗೆ ಬಳಸಬೇಡಿ.

ಕೊನೆಗೆ, ಫೋಟೋ ಕಳಿಸುವ ಮುನ್ನ

ಮೀನು ಹೂತ ಆ ದಿನ ಸಂಜೆ ಹುಡುಗ ನನ್ನನ್ನು ಬೈಯಲಿಲ್ಲ. "ಸ್ವಲ್ಪ ಅಂದ್ರೆ ಎಷ್ಟು ಅಂತ ನಾನು ಕೇಳ್ಬೇಕಿತ್ತು ಬಿಡಣ್ಣ" ಅಂದ. ಬೈದಿದ್ದರೇ ವಾಸಿಯಿತ್ತು. ಕೇಳಬೇಕಾಗಿದ್ದವನು ನಾನು. ಮುಂದಿನ ಮಳೆಗೆ ಅವನ ಹೊಂಡಕ್ಕೆ ಮೀನುಮರಿ ನಾನೇ ತಂದು ಬಿಟ್ಟೆ. ಅದಕ್ಕೂ ಮೊದಲು ಇಬ್ಬರೂ ಸೇರಿ ಹಳೇ ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು, ಯಾವ ಬೆಳೆಗೂ ತಾಕದ ಹಾಗೆ ಬೇಲಿಯಾಚೆ ಗುಂಡಿಗೆ ಹಾಕಿದೆವು. ಆದರೂ ಅವನ ಒಂದು ವರ್ಷ ವಾಪಸ್ ಬರಲ್ಲ. ಮೋಟಾರಿಗೆ ಅವನು ಸಾಲ ಮಾಡಬೇಕಾಯಿತು.

ಹಾಗಾಗಿ ಒಂದು ವಿನಂತಿ. ಯಾರಿಗೇ ಆಗಲಿ, ನನಗೇ ಆಗಲಿ, ಪಾಚಿಯ ಫೋಟೋ ಕಳಿಸುವಾಗ ಈ ಐದನ್ನು ಜೊತೆಗೆ ಕಳಿಸಿ: ಬಿಳಿ ತಟ್ಟೆಯಲ್ಲಿ ಬಿಚ್ಚಿಟ್ಟ ಪಾಚಿಯ ಹತ್ತಿರದ ಫೋಟೋ, ಹೊಂಡದ ಉದ್ದ, ಅಗಲ, ಈಗಿನ ನೀರಿನ ಆಳ, ನೀರು ಮಳೆಯದೋ ಬೋರ್‌ವೆಲ್‌ನದೋ, ಮೀನಿದೆಯೋ, ದನ ಕುಡಿಯುತ್ತದೆಯೋ, ನೀರು ಯಾವ ಬೆಳೆಗೆ ಹೋಗುತ್ತದೆ.

ಇವನ್ನು ಕೇಳದೆ ಯಾರಾದರೂ ಔಷಧಿ ಹೇಳಿದರೆ, ಅವರು ಎಷ್ಟೇ ಓದಿದವರಾಗಿರಲಿ, ಒಂದು ದಿನ ತಡೆಯಿರಿ. ಬಲೆಪಾಚಿಯಾಗಿದ್ದರೆ ಒಂದು ದಿನದಲ್ಲಿ ಏನೂ ಮುಳುಗಿಹೋಗಲ್ಲ. ಮತ್ತೆ, ಯಾರಾದರೂ 'ಸ್ವಲ್ಪ' ಅಂದರೆ, ಎಷ್ಟು ಲೀಟರಿಗೆ ಎಷ್ಟು ಗ್ರಾಂ ಅಂತ ಕೇಳಿ. ಉತ್ತರ ಬರದಿದ್ದರೆ ಹಾಕಬೇಡಿ.

ಆ ಹುಡುಗ ಈಗಲೂ ಫೋಟೋ ಕಳಿಸುತ್ತಾನೆ. ಪ್ರತಿ ಸಲವೂ ಅದೇ ಬಿಳಿ ತಟ್ಟೆಯಲ್ಲಿ.